ಸೊಳ್ಳೆ ಎಲ್ಲಿಂದ ಬರುತ್ತಿದೆ? ಚರಂಡಿಯನ್ನು ಬೈಯುವ ಮೊದಲು ತಾರಸಿ ಹತ್ತಿ

ಮನೆಯಲ್ಲಿ ಯಾರಿಗಾದರೂ ಮಲೇರಿಯಾ ಎಂದ ಕೂಡಲೇ ನಮ್ಮ ಮಂಗಳೂರಿನವರು ಎದುರಿನ ಚರಂಡಿಯತ್ತ ಕೈ ತೋರಿಸುತ್ತಾರೆ. ನಾನೂ ತೋರಿಸಿದವನೇ. ಹದಿನಾರು ಮನೆಗಳ ನಮ್ಮ ಅಪಾರ್ಟ್‌ಮೆಂಟಿಗೆ ಆಗಷ್ಟೇ ಕಾರ್ಯದರ್ಶಿಯಾಗಿದ್ದೆ. ಆ ಆಟಿ ತಿಂಗಳಲ್ಲಿ ನಾಲ್ಕು ಮನೆಗಳಲ್ಲಿ ಚಳಿಜ್ವರ, ಅದರಲ್ಲಿ ಒಂದು ನನ್ನದು. ಹಾಸಿಗೆಯಿಂದ ಎದ್ದವನೇ ಚರಂಡಿಯ ಫೋಟೋ ತೆಗೆದು ಮೂರು ಕಡೆ ದೂರು ಕೊಟ್ಟೆ. ವಿಚಾರಣೆಗೆ ಬಂದ ಆರೋಗ್ಯ ಕಾರ್ಯಕರ್ತೆ ನನ್ನ ದೂರಿನ ಪ್ರತಿಯನ್ನು ಓದಿ, ಮಡಚಿ ವಾಪಸು ಕೊಟ್ಟು, "ಚರಂಡಿ ಇರಲಿ ಅಣ್ಣ, ತಾರಸಿಯ ಬೀಗದ ಕೈ ಕೊಡಿ" ಎಂದರು.

ಹತ್ತು ನಿಮಿಷದಲ್ಲಿ ಅವರು ಬಿಳಿ ಸೌಟಿನಲ್ಲಿ ನಮ್ಮದೇ ಟ್ಯಾಂಕಿನ ನೀರು ಹಿಡಿದು ತೋರಿಸಿದರು. ನೀರು ಕುಡಿಯುವಷ್ಟು ತಿಳಿಯಾಗಿತ್ತು. ಮೇಲೆ ಒಣಹುಲ್ಲಿನ ಚೂರುಗಳಂತೆ ಏನೋ ಅಡ್ಡಡ್ಡ ತೇಲುತ್ತಿದ್ದವು. ನನ್ನ ತಲೆಯ ನೆರಳು ಬಿದ್ದದ್ದೇ ತಡ, ಒಣಹುಲ್ಲು ಸೌಟಿನ ತಳಕ್ಕೆ ಓಡಿತು.

ನಗರದಲ್ಲಿ ಮಲೇರಿಯಾ ಹರಡುವ ಸೊಳ್ಳೆ ಅನಾಫಿಲಿಸ್ ಸ್ಟೀಫೆನ್ಸಿ. ಅದು ಕೊಳಚೆಗೆ ಮೊಟ್ಟೆಯಿಡಲು ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ನಿಂತ, ಶುದ್ಧವಾದ ನೀರು: ಟ್ಯಾಂಕು, ಸಂಪು, ಬಾವಿ, ಕಟ್ಟಡದ ಸ್ಲ್ಯಾಬಿಗೆ ನಿಲ್ಲಿಸಿದ ನೀರು. 1990ರ ದಶಕದಿಂದ ಈ ಊರಿನಲ್ಲಿ ಕಟ್ಟಡಗಳೂ ಚಳಿಜ್ವರವೂ ಜೊತೆಜೊತೆಯಾಗಿ ಬೆಳೆದದ್ದಕ್ಕೆ ಇದು ದೊಡ್ಡ ಕಾರಣ. ಹಾಗಾಗಿ ಈ ಕೈಪಿಡಿಯಲ್ಲಿ ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಆಳಿಗೆ ಹೇಳಿ ಮಾಡಿಸಬೇಕಾದವು ಆಮೇಲೆ, ವೈದ್ಯರ ಬಳಿಗೆ ಓಡಬೇಕಾದ ಸಂಗತಿ ಕೊನೆಗೆ. ಆದರೆ ಜ್ವರ ಈಗಾಗಲೇ ಬಂದಿದ್ದರೆ ಟ್ಯಾಂಕು ಕಾಯಲಿ, ನೇರವಾಗಿ 'ಚಳಿ, ಜ್ವರ, ಆಮೇಲೆ ಬೆವರು' ಎಂಬ ಭಾಗಕ್ಕೆ ಹೋಗಿ.

ಬೇಕಾಗುವ ಸಾಮಾನು: ಒಂದು ಟಾರ್ಚು, ಬಿಳಿ ಬಣ್ಣದ ಸೌಟು ಅಥವಾ ಬಟ್ಟಲು, ಹರಿದ ಸೊಳ್ಳೆಪರದೆಯ ತುಂಡು, ಗಟ್ಟಿ ದಾರ.

ಕಚ್ಚುತ್ತಿದೆ, ಆದರೆ ಯಾವುದು ಎಂದು ತಿಳಿಯದು

ದುಡ್ಡು ಬೇಡದ ಮೊದಲ ಪರೀಕ್ಷೆ ಗಡಿಯಾರ. ಬೆಳಿಗ್ಗೆ ಪೇಪರ್ ಓದುವಾಗ, ಸಂಜೆ ನಾಲ್ಕರ ಚಹಾದ ಹೊತ್ತಿಗೆ, ಮೇಜಿನ ಕೆಳಗೆ ಕಾಲಿಗೆ ಕಚ್ಚಿದರೆ ಅದು ಈಡಿಸ್, ಡೆಂಗಿಯ ಸೊಳ್ಳೆ. ಮೈಮೇಲೆ ಕಪ್ಪು ಬಿಳುಪು ಪಟ್ಟೆ ಇರುತ್ತದೆ. ದೀಪ ಹಚ್ಚುವ ಹೊತ್ತಿನಿಂದ ಬೆಳಗಿನವರೆಗೆ ಕಚ್ಚುವವು ಎರಡು: ಕ್ಯೂಲೆಕ್ಸ್ ಮತ್ತು ಅನಾಫಿಲಿಸ್.

ಇವೆರಡನ್ನು ಬೇರೆ ಮಾಡಲು ಗೋಡೆಯ ಮೇಲೆ ಕುಳಿತಾಗ ಟಾರ್ಚು ಹಾಕಿ ಪಕ್ಕದಿಂದ ನೋಡಿ. ಕ್ಯೂಲೆಕ್ಸ್ ಗೂನುಬೆನ್ನಿನ ಮುದುಕನಂತೆ ಗೋಡೆಗೆ ಸಮಾನಾಂತರವಾಗಿ ಕೂರುತ್ತದೆ. ಅನಾಫಿಲಿಸ್ ತಲೆ ತಗ್ಗಿಸಿ, ಬಾಲ ಎತ್ತಿ, ಅರ್ಧ ಹೊಡೆದ ಮೊಳೆಯಂತೆ ಓರೆಯಾಗಿ ನಿಲ್ಲುತ್ತದೆ. ರೆಕ್ಕೆಯ ಮೇಲೆ ಚುಕ್ಕೆಗಳಿರುತ್ತವೆ. ಹೊಡೆದು ಅಂಗೈಯಲ್ಲಿ ಅಂಟಿಸಿಕೊಂಡ ಮೇಲೆ ಈ ಲಕ್ಷಣ ಯಾವುದೂ ಉಳಿಯುವುದಿಲ್ಲ. ಮೊದಲು ನೋಡಿ, ಆಮೇಲೆ ಹೊಡೆಯಿರಿ. ತುಳುವಿನಲ್ಲಿ ಮೂರನ್ನೂ ಒಂದೇ ಹೆಸರಿನಿಂದ 'ಉಮಿಲ್' ಎಂದು ಕರೆದು ಮುಗಿಸುತ್ತೇವೆ, ನಮ್ಮ ತಪ್ಪು ಅಲ್ಲಿಂದಲೇ ಶುರು.

ಸಂಜೆಯಾದರೆ ಕಿವಿಯ ಬಳಿ ಗುಂಯ್‌ಗುಡುತ್ತದೆ, ಲೆಕ್ಕವಿಲ್ಲದಷ್ಟು ಇವೆ

ಇದು ಹೆಚ್ಚಾಗಿ ಕ್ಯೂಲೆಕ್ಸ್. ಇಲ್ಲಿ ಮಾತ್ರ ಚರಂಡಿಯನ್ನು ಬೈಯಬಹುದು. ಆದರೆ ಅದಕ್ಕೂ ಮೊದಲು ಸೆಪ್ಟಿಕ್ ಟ್ಯಾಂಕಿನ ಗಾಳಿ ಕೊಳವೆಯ ತುದಿ ನೋಡಿ. ಅಲ್ಲಿ ಬಲೆ ಇಲ್ಲದಿದ್ದರೆ ಪ್ರತಿ ಸಂಜೆ ಅಲ್ಲಿಂದಲೇ ಮೆರವಣಿಗೆ ಹೊರಡುತ್ತದೆ. ಪರದೆಯ ತುಂಡನ್ನು ಎರಡು ಪದರ ಮಾಡಿ ಬಿಗಿಯಾಗಿ ಕಟ್ಟಿ. ಚಪ್ಪಡಿಯ ಬಿರುಕಿಗೆ ಸಿಮೆಂಟು ಹಚ್ಚಿಸಿ. ಸೆಪ್ಟಿಕ್ ಟ್ಯಾಂಕಿನ ಒಳಕ್ಕೆ ಯಾವ ಕಾರಣಕ್ಕೂ ಯಾರನ್ನೂ ಇಳಿಸಬಾರದು. ಅದರ ವಿಷಗಾಳಿ ಒಬ್ಬನನ್ನೂ, ಅವನನ್ನು ಎತ್ತಲು ಇಳಿದ ಇನ್ನೊಬ್ಬನನ್ನೂ ಒಟ್ಟಿಗೇ ಕೊಲ್ಲುತ್ತದೆ.

ಈ ಸೊಳ್ಳೆ ಮಲೇರಿಯಾ ತರುವುದಿಲ್ಲ. ಹಾಗೆಂದು ಅಲಕ್ಷ್ಯ ಬೇಡ, ಕರಾವಳಿಯಲ್ಲಿ ಆನೆಕಾಲು ರೋಗ ಹರಡಿದ್ದು ಇದರಿಂದಲೇ.

ಹಗಲು ಹೊತ್ತು ಕಚ್ಚುತ್ತದೆ, ಚರಂಡಿಯೂ ಇಲ್ಲ, ಟ್ಯಾಂಕೂ ಮುಚ್ಚಿದೆ

ಈಡಿಸ್‌ಗೆ ಒಂದು ಗೆರಟೆಯ ನೀರು ಸಾಕು. ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ತಟ್ಟೆ, ಮನಿ ಪ್ಲಾಂಟ್ ಬಾಟಲಿ, ಎಸಿಯ ನೀರು ಬೀಳುವ ಡಬ್ಬ, ಹೀಗೆ ಮನೆಯೊಳಗಿನಿಂದ ಹೊರಕ್ಕೆ ಹುಡುಕುತ್ತ ಬನ್ನಿ. ಹಿತ್ತಿಲಲ್ಲಿ ಬಿದ್ದ ಅಡಿಕೆ ಹಾಳೆ ಮೇಲ್ಮುಖವಾಗಿದ್ದರೆ ಅದೇ ಒಂದು ದೋಣಿ. ರಬ್ಬರ್ ತೋಟವಿದ್ದವರು ಹಾಲು ತೆಗೆಯದ ದಿನಗಳಲ್ಲಿ ಚಿಪ್ಪುಗಳನ್ನು ಕವುಚಿ ಹಾಕಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಮಲ್ಪೆಯಲ್ಲಿ, ನಮ್ಮ ಬಂದರಿನಲ್ಲಿ ಸಾಲಾಗಿ ನಿಂತ ಬೋಟುಗಳ ಪಕ್ಕಕ್ಕೆ ಕಟ್ಟಿದ ಟೈರುಗಳನ್ನು ಒಮ್ಮೆ ಬಗ್ಗಿ ನೋಡಿ.

ನೀರು ಚೆಲ್ಲಿದರೆ ಕೆಲಸ ಮುಗಿಯಲಿಲ್ಲ. ಈಡಿಸ್ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿ ಒಣಗಿದಂತೆಯೇ ತಿಂಗಳುಗಟ್ಟಲೆ ಬದುಕುತ್ತದೆ, ನೀರು ತಾಗಿದ ದಿನ ಒಡೆಯುತ್ತದೆ. ತೆಂಗಿನ ನಾರಿನಿಂದ ಒಳಮೈ ಉಜ್ಜಿ ತೊಳೆಯಬೇಕು.

ಚಳಿಜ್ವರ ಬಂದಿದೆ, ಅದೂ ಮೇಲಿನ ಮಹಡಿಯವರಿಗೆ

ಇಲ್ಲಿ ಹೊತ್ತು ತೆಗೆದುಕೊಂಡು ಹುಡುಕಬೇಕು. ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗಲು ನಮ್ಮ ಸೆಕೆಯಲ್ಲಿ ಎಂಟು ಹತ್ತು ದಿನ ಸಾಕು. ಆದ್ದರಿಂದಲೇ ವಾರಕ್ಕೊಮ್ಮೆ ಎಂಬ ಲೆಕ್ಕ. ಹದಿನೈದು ದಿನಕ್ಕೊಮ್ಮೆ ನೋಡಿದರೆ ಒಂದು ತಲೆಮಾರು ನಿಮ್ಮ ಕಣ್ತಪ್ಪಿಸಿ ಹಾರಿ ಹೋಗಿರುತ್ತದೆ.

ಹತ್ತುವ ಮೊದಲು ಎರಡು ಮಾತು. ಮಳೆಗಾಲದಲ್ಲಿ ತಾರಸಿಯ ಪಾಚಿ ಎಣ್ಣೆ ಸವರಿದಂತಿರುತ್ತದೆ, ಬರಿಗಾಲಿನಲ್ಲಿಯೂ ಜಾರುತ್ತದೆ. ಏಣಿ ಹಿಡಿಯಲು ಕೆಳಗೆ ಇನ್ನೊಬ್ಬರಿರಲಿ. ಗುಡುಗುತ್ತಿದ್ದರೆ ಹೋಗಲೇಬೇಡಿ. ಹಂಚಿನ ಮಾಡಿನ ಮೇಲೆ ಟ್ಯಾಂಕು ಕೂರಿಸಿರುವವರು ಆ ಕೆಲಸವನ್ನು ಅಭ್ಯಾಸವಿರುವವರಿಗೆ ಬಿಡುವುದು ಲೇಸು.

ಮೊದಲು ಮುಚ್ಚಳ. ಇದೆಯೇ, ಕೂತಿದೆಯೇ, ಗಾಳಿಗೆ ಓರೆಯಾಗಿದೆಯೇ? ಪ್ಲಂಬರು ಬಂದು ಹೋದ ಮರುದಿನ ತಪ್ಪದೆ ನೋಡಿ. ನಮ್ಮ ಟ್ಯಾಂಕಿನ ಕಥೆಯೂ ಅದೇ. ಫ್ಲೋಟ್ ವಾಲ್ವ್ ಬದಲಿಸಿದವರು ಮುಚ್ಚಳವನ್ನು ಪಕ್ಕದಲ್ಲಿಟ್ಟು, ಕೂಲಿ ತೆಗೆದುಕೊಂಡು ಇಳಿದಿದ್ದರು. ಮುಚ್ಚಳ ಮೇಲ್ಮುಖವಾಗಿ ಬಿದ್ದು ಮಳೆನೀರು ತುಂಬಿಕೊಂಡಿತ್ತು. ಅಂದರೆ ಒಂದರ ಬದಲು ಎರಡು ತೊಟ್ಟಿಲು.

ಮುಚ್ಚಳ ಸರಿಯಿದ್ದರೆ ಹೆಚ್ಚಾದ ನೀರು ಹೊರಬೀಳುವ ಕೊಳವೆ ನೋಡಿ. ಹತ್ತರಲ್ಲಿ ಎಂಟು ಜನ ಅದನ್ನು ಮರೆಯುತ್ತಾರೆ. ಒಂದೂವರೆ ಇಂಚಿನ ಆ ತೂತು ಸೊಳ್ಳೆಗೆ ಹೆಬ್ಬಾಗಿಲು. ಪರದೆಯ ತುಂಡು, ದಾರ, ಎರಡು ನಿಮಿಷ. ಮೋಟಾರಿನ ಕೊಳವೆ ಟ್ಯಾಂಕಿನೊಳಗೆ ಹೋಗುವಲ್ಲಿ ತೂತು ಕೊಳವೆಗಿಂತ ದೊಡ್ಡದಾಗಿ ಕೊರೆದಿರುತ್ತಾರೆ, ಅದನ್ನೂ ಮುಚ್ಚಿ. ಆಮೇಲೆ ಹಳೆಯ ಸಿಮೆಂಟು ಟ್ಯಾಂಕು. ಪ್ಲಾಸ್ಟಿಕ್ ಟ್ಯಾಂಕು ಬಂದ ಮೇಲೆ ಅದನ್ನು ಒಡೆಸಲು ಖರ್ಚೆಂದು ಹಾಗೇ ಬಿಟ್ಟಿರುತ್ತೇವೆ. ತಳದಲ್ಲಿ ನಾಲ್ಕು ಬೆರಳು ಮಳೆನೀರು ಸದಾ ನಿಂತಿರುತ್ತದೆ. ತಳಕ್ಕೆ ತೂತು ಕೊರೆಸಿಬಿಡಿ.

ಇನ್ನು ಸೌಟಿನ ಪರೀಕ್ಷೆ. ಮುಚ್ಚಳ ತೆಗೆದ ಕೂಡಲೇ ಸೌಟು ಹಾಕಿದರೆ ಏನೂ ಸಿಗುವುದಿಲ್ಲ, ಬೆಳಕಿಗೆ ಎಲ್ಲವೂ ತಳ ಸೇರಿರುತ್ತವೆ. ನೆರಳು ಬೀಳದ ಕಡೆ ನಿಂತು ಎರಡು ಮೂರು ನಿಮಿಷ ಕಾಯಿರಿ. ಸೌಟನ್ನು ಓರೆಯಾಗಿ, ಅಂಚಿನ ಬಳಿ, ನೀರಿನ ಮೇಲ್ಪದರ ಒಳಕ್ಕೆ ಹರಿಯುವಂತೆ ಇಳಿಸಿ. ನಾಲ್ಕೈದು ಕಡೆ ಹೀಗೆ ಮಾಡಿ. ನೀರಿನ ಮೇಲೆ ಚಪ್ಪಟೆಯಾಗಿ ಮಲಗಿದ್ದರೆ ಅನಾಫಿಲಿಸ್ ಮರಿ. ತಲೆಕೆಳಗಾಗಿ ಜೋತುಬಿದ್ದು ಬಾಲದ ಕೊಳವೆಯಿಂದ ಉಸಿರಾಡುತ್ತಿದ್ದರೆ ಕ್ಯೂಲೆಕ್ಸ್ ಅಥವಾ ಈಡಿಸ್. ಅಲ್ಪವಿರಾಮ ಚಿಹ್ನೆಯಂತೆ ಬಾಗಿದ, ದಪ್ಪ ತಲೆಯ ಜೀವಿ ಕಂಡರೆ ಅದು ಕೋಶ. ಇನ್ನು ಒಂದೆರಡು ದಿನದಲ್ಲಿ ಹಾರುತ್ತದೆ. ಕೋಶ ಏನನ್ನೂ ತಿನ್ನುವುದಿಲ್ಲವಾದ್ದರಿಂದ ತಿಂದು ಸಾಯಬೇಕಾದ ಮದ್ದುಗಳು ಅದಕ್ಕೆ ನಾಟುವುದಿಲ್ಲ. ಟ್ಯಾಂಕನ್ನು ಅಂದೇ ಖಾಲಿ ಮಾಡಿ, ನೀರು ನಿಲ್ಲದ ಇಳಿಜಾರು ಮಣ್ಣಿಗೆ ಚೆಲ್ಲಿ.

ಸಂಪನ್ನು ಮರೆಯಬಾರದು. ಕಬ್ಬಿಣದ ಮುಚ್ಚಳದ ತುಕ್ಕು ತೂತು, ಮುಚ್ಚಳದ ಸುತ್ತಲಿನ ತೋಡಿನಲ್ಲಿ ನಿಂತ ನೀರು, ಎರಡನ್ನೂ ನೋಡಿ. ಮುಚ್ಚಿದ ಸಂಪಿನೊಳಗೆ ಉಸಿರುಗಟ್ಟುವ ಅಪಾಯವಿದೆ. ಇಳಿದು ತೊಳೆಯಬೇಕಾದರೆ ಮೋಟಾರಿನ ಫ್ಯೂಸ್ ತೆಗೆದು, ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಮೇಲೆ ಜನವಿಟ್ಟು, ಈ ಕೆಲಸ ಗೊತ್ತಿರುವವರಿಂದಲೇ ಮಾಡಿಸಿ.

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮೊದಲು 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ತನ್ನ ಬಂಗಲೆಯ ಕಿಟಕಿಯ ಹೊರಗಿನ ನೀರಿನ ಪೀಪಾಯಿಯಲ್ಲಿ ಮರಿಗಳನ್ನು ಕಂಡು ಅದನ್ನು ಕವುಚಿ ಹಾಕಿಸಿದ್ದ, ಸೊಳ್ಳೆ ಕಡಿಮೆಯಾಗಿತ್ತು. ಆತ ಚರಂಡಿಯ ಫೋಟೋ ತೆಗೆಯಲಿಲ್ಲ.

ನಲ್ಲಿಯಲ್ಲಿ ಕೆಂಪು ಹುಳು ಬಂತು

ಹೆದರಬೇಡಿ. ರಕ್ತಗೆಂಪು ಬಣ್ಣದ, ಸುತ್ತಿ ಸುರುಳಿಯಾಗುವ ಹುಳು ಸೊಳ್ಳೆಯ ಮರಿಯಲ್ಲ. ಅದು ಕಚ್ಚದ ಒಂದು ಜಾತಿಯ ನೊಣದ ಮರಿ, ಟ್ಯಾಂಕಿನ ತಳದ ಕೆಸರಿನಲ್ಲಿ ಬೆಳೆಯುತ್ತದೆ. ಆದರೆ ಆ ನೊಣ ನುಸುಳಿದ ದಾರಿಯಲ್ಲಿ ಸೊಳ್ಳೆಯೂ ನುಸುಳಬಲ್ಲದು. ಟ್ಯಾಂಕು ತೊಳೆಸಿ, ಮುಚ್ಚಳ ನೋಡಿ.

ಬಾವಿ ಇದೆ

ಕರಾವಳಿಯಲ್ಲಿ ಬಾವಿ ಇಲ್ಲದ ಹಳೆಯ ಮನೆ ವಿರಳ. ದಿನವೂ ಕೊಡಪಾನ ಇಳಿಸುವ ಬಾವಿಯಲ್ಲಿ ಸೊಳ್ಳೆ ಇರುವುದಿಲ್ಲವೆಂಬ ನಂಬಿಕೆಯನ್ನು ಬಿಡಿ. ಕೆಂಪುಕಲ್ಲಿನ ಗೋಡೆಯ ಸಂದುಗಳಲ್ಲಿ, ಅಂಚಿನ ನೆರಳಿನಲ್ಲಿ ಮರಿಗಳು ನೆಮ್ಮದಿಯಾಗಿರುತ್ತವೆ. ನಲ್ಲಿ ನೀರು ಬಂದ ಮೇಲೆ ಬಳಕೆ ತಪ್ಪಿದ ಬಾವಿ ಇನ್ನೂ ಕೆಟ್ಟದ್ದು. ಹಲವರು ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ ನಿಶ್ಚಿಂತರಾಗಿರುತ್ತಾರೆ. ಅದು ಬೆಕ್ಕು ಬೀಳದಂತೆ ಹಾಕಿದ್ದು, ಸೊಳ್ಳೆಗೆ ಅದರ ಲೆಕ್ಕವೇ ಇಲ್ಲ. ಜಾಲರಿಯ ಮೇಲೆ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಸುತ್ತಲೂ ಎಳೆದು ಕಟ್ಟಬೇಕು. ಎಲೆ ಬಿದ್ದು ಬಲೆ ಜೋಲುತ್ತದೆ, ವಾರಕ್ಕೊಮ್ಮೆ ಕೊಡವಿ.

ಎರಡನೆಯ ಉಪಾಯ ಗಪ್ಪಿ ಮೀನು. ಲಾರ್ವಾ, ಅಂದರೆ ಸೊಳ್ಳೆಮರಿ, ತಿನ್ನುವ ಈ ಪುಟ್ಟ ಮೀನನ್ನು ಆರೋಗ್ಯ ಇಲಾಖೆಯವರೇ ಬಾವಿಗಳಿಗೆ ಬಿಡುತ್ತಾರೆ, ಕೇಳಿ ನೋಡಿ. ಮೀನು ಬಿಟ್ಟ ಮೇಲೆ ಬ್ಲೀಚಿಂಗ್ ಪುಡಿ ಸುರಿದರೆ ಮೀನು ಸಾಯುತ್ತದೆ. ಕುಡಿಯುವ ನೀರಿಗೆ ಹಾಕುವ ಪ್ರಮಾಣದ ಬ್ಲೀಚಿಂಗ್ ಪುಡಿ ಲಾರ್ವಾವನ್ನು ಕೊಲ್ಲುತ್ತದೆಂದು ನಂಬುವಂತೆಯೂ ಇಲ್ಲ. ಗಪ್ಪಿಯನ್ನು ಕೆರೆ, ಹೊಳೆಗೆ ಮಾತ್ರ ಬಿಡಬೇಡಿ, ಅಲ್ಲಿನ ನಮ್ಮ ಮೀನುಗಳಿಗೆ ಅದು ಪರದೇಶದ ಪೈಪೋಟಿಗಾರ. ಬಾವಿಗೆ ಸೀಮೆಎಣ್ಣೆ, ಗಾಡಿಯ ಹಳೆಯ ಆಯಿಲ್ ಸುರಿಯುವವರನ್ನು ಕಂಡಿದ್ದೇನೆ. ಮಣ್ಣಿನೊಳಗೆ ಅದು ಪಕ್ಕದ ಮನೆಯ ಬಾವಿಗೂ ಇಳಿಯುತ್ತದೆ. ಲಾರ್ವಾ ಕೊಲ್ಲುವ ಮದ್ದಿನ ಪ್ರಮಾಣ ಇಲಾಖೆಯವರಿಗೆ ಗೊತ್ತು, ಅಂಗಡಿಯಿಂದ ತಂದು ಅಂದಾಜಿನಲ್ಲಿ ಹಾಕುವಂಥದ್ದಲ್ಲ.

ನಮ್ಮಲ್ಲಿ ಎಲ್ಲ ಸರಿಯಿದೆ, ಆದರೂ ಕಡಿಮೆಯಾಗುವುದಿಲ್ಲ

ಮೊದಲು ನಿಮ್ಮದೇ ಕಟ್ಟಡದ ಗುಪ್ತ ಜಾಗಗಳು. ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಮಳೆಗಾಲದಲ್ಲಿ ಒಸರು ನೀರು ತುಂಬುತ್ತದೆ. ಅದನ್ನು ಲಿಫ್ಟಿನ ಮೆಕ್ಯಾನಿಕ್ ಬಂದಾಗಲೇ ತೆರೆಸಿ, ನೀವು ಕೈ ಹಾಕಬೇಡಿ. ಸಜ್ಜಾದ ಮೇಲೆ ನಿಂತ ನೀರು, ಎಲೆ ಕಟ್ಟಿದ ದಂಬೆ (ಮಾಡಿನ ನೀರು ಹರಿಯುವ ತೋಡು), ಸೌದೆಗೆ ಹೊದಿಸಿದ ಟಾರ್ಪಾಲಿನ ಮಡಿಕೆ. ಆಮೇಲೆ ಬೀಗ ಹಾಕಿದ ಮನೆ. ಯಜಮಾನರು ದುಬೈಯಲ್ಲೋ ಮುಂಬೈಯಲ್ಲೋ ಇರುತ್ತಾರೆ, ಅವರ ಟ್ಯಾಂಕಿನಲ್ಲಿ, ಕಮೋಡಿನಲ್ಲಿ ಸೊಳ್ಳೆಯ ಸಂಸಾರ ಸಾಗಿರುತ್ತದೆ. ಕೀಲಿಕೈ ಯಾವ ಚಿಕ್ಕಮ್ಮನ ಬಳಿ ಇದೆ ಎಂದು ಪತ್ತೆ ಹಚ್ಚುವುದೇ ನಮ್ಮ ಸಂಘದ ಅರ್ಧ ಕೆಲಸ.

ಕೊನೆಗೆ ನೆರೆಯ ಕಟ್ಟಡ ಕಾಮಗಾರಿ. ಈ ಸೊಳ್ಳೆ ಕೆಲವು ನೂರು ಮೀಟರು ಹಾರಬಲ್ಲದು. ಸ್ಲ್ಯಾಬ್ ಹಾಕಿದ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಹೆರಿಗೆಮನೆ ಸ್ಟೀಫೆನ್ಸಿಗೆ ಬೇರಿಲ್ಲ. ನೆಲಮಾಳಿಗೆಯ ನೀರು, ಇಟ್ಟಿಗೆ ನೆನೆಸುವ ತೊಟ್ಟಿ, ನೀಲಿ ಡ್ರಮ್ಮುಗಳೂ ಇವೆ. ಮೇಸ್ತ್ರಿಯೊಡನೆ ಜಗಳವಾಡಿದರೆ ಫಲವಿಲ್ಲ. ವಾರಕ್ಕೊಂದು ದಿನ ನೀರು ಪೂರ್ತಿ ಇಳಿಸಿ ಒಣಗಲು ಬಿಡಿ, ಮರುದಿನ ಮತ್ತೆ ತುಂಬಿಸಿ ಎಂದು ಹೇಳಿ. ನಮ್ಮ ಪಕ್ಕದ ಮೇಸ್ತ್ರಿ ಎರಡನೆಯ ಸಲಕ್ಕೆ ಒಪ್ಪಿದ. ಒಪ್ಪದಿದ್ದರೆ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ದೂರು ಕೊಡಿ, ದಂಡ ಹಾಕುವ ಅಧಿಕಾರ ಅವರಿಗಿದೆ. ಆ ಕಟ್ಟಡದಲ್ಲಿ ಪರದೆಯಿಲ್ಲದೆ ಮಲಗುವ ಕಾರ್ಮಿಕರಿಗೆ ನಿಮಗಿಂತ ಮೊದಲು ಜ್ವರ ಬಂದಿರುತ್ತದೆ. ಒಂದು ದಿನದ ಕೂಲಿ ಹೋಗುತ್ತದೆಂದು ಅವರು ರಕ್ತ ಪರೀಕ್ಷೆ ಮಾಡಿಸಿರುವುದಿಲ್ಲ. "ಹೊರಗಿನವರು ತಂದರು" ಎನ್ನುವವರಿಗೆ ನಾನು ಕೇಳುವುದಿಷ್ಟು: ಸೊಳ್ಳೆ ಸಾಕಿದವರು ಯಾರು?

ಹೊಗೆ ಹೊಡೆಸಬೇಕೆ ಎಂದು ಪ್ರತಿ ಸಭೆಯಲ್ಲಿಯೂ ಯಾರಾದರೂ ಕೇಳುತ್ತಾರೆ. ಆ ಕ್ಷಣ ಹಾರುತ್ತಿರುವುದು ಸಾಯುತ್ತದೆ, ನೀರಿನಲ್ಲಿರುವುದು ಸಾಯುವುದಿಲ್ಲ. ಜ್ವರದ ಪ್ರಕರಣಗಳು ಒಂದೇ ಕಡೆ ಸಿಕ್ಕಾಗ ಅದಕ್ಕೊಂದು ಉಪಯೋಗವಿದೆ. ಸಮಾಧಾನಕ್ಕಾಗಿ ಹೊಡೆಸುವ ಹೊಗೆ ಬರೀ ಹೊಗೆ.

ಚಳಿ, ಜ್ವರ, ಆಮೇಲೆ ಬೆವರು

ಚಳಿಯೆಂದರೆ ಮೂರು ಕಂಬಳಿ ಹೊದ್ದರೂ ಮಂಚ ನಡುಗುವ ಚಳಿ, ನಂತರ ಮೈ ಸುಡುವ ಜ್ವರ, ಕೊನೆಗೆ ಬಟ್ಟೆ ತೊಯ್ಯುವ ಬೆವರು. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ದಿನ ಬಿಟ್ಟು ದಿನ ಬರುತ್ತದೆ ಎನ್ನುತ್ತಾರೆ. ಆದರೆ ಮೊದಲ ಕೆಲವು ದಿನ ಆ ಲೆಕ್ಕ ಹಿಡಿಯುವುದಿಲ್ಲ, ತಲೆನೋವು, ವಾಂತಿ, ಮೈಕೈ ನೋವಷ್ಟೇ ಇರಬಹುದು. ನಡುವೆ ಜ್ವರವಿಲ್ಲದ ದಿನ ಬಂದರೆ ವಾಸಿಯಾಯಿತೆಂದು ತಿಳಿಯಬೇಡಿ. ಕಚ್ಚಿದ ಸೊಳ್ಳೆಯ ಲೆಕ್ಕ ಹತ್ತು ಹದಿನೈದು ದಿನದ ಹಿಂದಿನದು. ನಿನ್ನೆ ರಾತ್ರಿ ಕಚ್ಚಿದ್ದಕ್ಕೂ ಇಂದಿನ ಜ್ವರಕ್ಕೂ ಸಂಬಂಧವಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಯಾವ ಜ್ವರವಾದರೂ ಮೊದಲು ರಕ್ತ ಪರೀಕ್ಷೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮಂಗಳೂರಿನ ವೆನ್ಲಾಕ್‌ನಲ್ಲಿ, ಉಡುಪಿಯ ಅಜ್ಜರಕಾಡು ಆಸ್ಪತ್ರೆಯಲ್ಲಿ ಮಾಡುತ್ತಾರೆ. ಪರೀಕ್ಷೆಗೆ ಮೊದಲು ಯಾರದೋ ಮನೆಯಲ್ಲಿ ಉಳಿದ ಮಾತ್ರೆ ನುಂಗಬೇಡಿ, ರಕ್ತದಲ್ಲಿ ರೋಗಾಣು ಕಡಿಮೆಯಾಗಿ ಫಲಿತಾಂಶ ದಾರಿ ತಪ್ಪುತ್ತದೆ. ಒಂದು ಸಲ ಇಲ್ಲವೆಂದು ಬಂದು ಜ್ವರ ಮುಂದುವರಿದರೆ ಮರುದಿನ ಮತ್ತೊಮ್ಮೆ ಮಾಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯವನ್ನು ನಾನೂ ಪ್ರತಿ ವರ್ಷ ಮುಖ ಕಿವುಚಿಕೊಂಡು ಕುಡಿಯುತ್ತೇನೆ. ಮಲೇರಿಯಾಕ್ಕೆ ಅದು ಚಿಕಿತ್ಸೆಯಲ್ಲ.

ಈ ಲಕ್ಷಣಗಳಲ್ಲಿ ಒಂದು ಕಂಡರೂ ಮನೆಮದ್ದು, ಕಾಯುವಿಕೆ ಎಲ್ಲವನ್ನೂ ಬಿಟ್ಟು 108ಕ್ಕೆ ಕರೆ ಮಾಡಿ: ಮಾತು ತಡವರಿಸುವುದು, ಮಂಪರು, ಫಿಟ್ಸ್, ಕಣ್ಣು ಹಳದಿ, ಮೂತ್ರ ಚಹಾದ ಬಣ್ಣಕ್ಕೆ ತಿರುಗುವುದು ಅಥವಾ ಕಡಿಮೆಯಾಗುವುದು, ಏದುಸಿರು, ರಕ್ತಸ್ರಾವ, ನೀರೂ ನಿಲ್ಲದ ವಾಂತಿ. ಗರ್ಭಿಣಿಯರು ಮತ್ತು ಪುಟ್ಟ ಮಕ್ಕಳ ವಿಷಯದಲ್ಲಿ ಈ ಲಕ್ಷಣಗಳಿಗೂ ಕಾಯಬಾರದು, ಜ್ವರ ಬಂದ ದಿನವೇ ಹೋಗಬೇಕು.

ಟ್ಯಾಂಕು ಮುಚ್ಚಿದೆ, ಸೊಳ್ಳೆಯೂ ಇಲ್ಲ, ಮೂರು ತಿಂಗಳಿಗೆ ಮತ್ತೆ ಚಳಿ

ನನಗೆ ಹೀಗೇ ಆಯಿತು. ಪರದೆ ಕಟ್ಟಿದ್ದೆ, ಪ್ರತಿ ಭಾನುವಾರ ತಾರಸಿ ಹತ್ತುತ್ತಿದ್ದೆ, ಆದರೂ ದೀಪಾವಳಿಯ ಹೊತ್ತಿಗೆ ಮಂಚ ಮತ್ತೆ ನಡುಗಿತು. ಮತ್ತೆ ಟಾರ್ಚು ಹಿಡಿದು ಕಟ್ಟಡವಿಡೀ ಹುಡುಕಿಸಿದೆ. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಹದಿನಾಲ್ಕು ದಿನದ ಮಾತ್ರೆ ಮುಗಿಸಿದ್ದಿರಾ?"

ವೈವಾಕ್ಸ್ ರೋಗಾಣುವಿನ ಒಂದು ಪಾಲು ಯಕೃತ್ತಿನಲ್ಲಿ ನಿದ್ದೆ ಹೋಗುತ್ತದೆ. ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಜ್ವರ ಇಳಿಯುತ್ತದೆ. ಯಕೃತ್ತಿನಲ್ಲಿ ಮಲಗಿದ್ದಕ್ಕೆ ಹದಿನಾಲ್ಕು ದಿನದ ಪ್ರೈಮಾಕ್ವಿನ್ ಬೇಕು. ಜ್ವರವಿಲ್ಲದ ಮನುಷ್ಯ ಹನ್ನೊಂದು ದಿನ ಮಾತ್ರೆ ನುಂಗುವುದು ಹೇಳಿದಷ್ಟು ಸುಲಭವಲ್ಲ. ಈ ಮಾತ್ರೆಯನ್ನು ಗರ್ಭಿಣಿಯರಿಗೆ, ಹಸುಗೂಸುಗಳಿಗೆ ಕೊಡುವುದಿಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಲ್ಲಿ ಇದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹಾಗಾಗಿ ವೈದ್ಯರು ಹೇಳದೆ ತೆಗೆದುಕೊಳ್ಳಬಾರದು, ಮೂತ್ರ ಕಪ್ಪಾದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು.

ಮನೆಗೆ ಬಂದು ಮೇಜಿನ ಡ್ರಾಯರ್ ಎಳೆದೆ. ದೂರಿನ ಪ್ರತಿಗಳ ಕೆಳಗೆ ಪ್ರೈಮಾಕ್ವಿನ್ ಪಟ್ಟಿ ಸಿಕ್ಕಿತು. ಏಳು ದಿನದ ಮಾತ್ರೆ ಹಾಗೇ ಉಳಿದಿತ್ತು.